ಹದಿನೇಳು ನಿಮಿಷದ ಮುಷ್ಕರ

ನಲವತ್ತೊಂದು ವರ್ಷದ ಹಿಂದೆ ನಡೆದಿದ್ದ ಮುಷ್ಕರವನ್ನು ದೊಡ್ಡಮ್ಮ ಇವತ್ತು ಬೆಳಿಗ್ಗೆ ಎಂಟೂವರೆಗೆ, ಹುರುಳಿಕಾಯಿಯ ನಾರು ತೆಗೆಯುತ್ತ ಕೂತಲ್ಲೇ ರದ್ದು ಮಾಡಿಬಿಟ್ಟಳು. ಅದರ ಮೇಲೆ ಮೂರು ವರ್ಷದಿಂದ ಪ್ರಬಂಧ ಬರೆದು ಕಣ್ಣು ಕೆಡಿಸಿಕೊಂಡಿದ್ದ ತಂಗಿಯ ಮಗಳು ಎದುರಿಗೇ ಕೂತು ಟೀ ಊದುತ್ತಿದ್ದಳು. ಮೌಖಿಕ ಪರೀಕ್ಷೆ ಸಂಜೆ ನಾಲ್ಕಕ್ಕೆ. ಇನ್ನು ಏಳೂವರೆ ಗಂಟೆ. ಏಳೂವರೆ ಗಂಟೆಯಲ್ಲಿ ಇಪ್ಪತ್ತು ಪುಟದ ಲೇಖನ ಗೀಚಬಹುದು, ತಲೆಗೆ ಬಣ್ಣ ಹಾಕಿ ಒಣಗಿಸಿಕೊಳ್ಳಬಹುದು, ಆದರೆ ಒಂದು ಮುಷ್ಕರವನ್ನು ಹೊಸದಾಗಿ ಹುಟ್ಟಿಸುವುದು ಯಾರಿಂದಲೂ ಸಾಧ್ಯವಿಲ್ಲ ಎಂದು ಅವಳಿಗೆ ಅನ್ನಿಸಿತು. ಆಮೇಲೆ, ಮೊದಲನೆಯದನ್ನು ಹುಟ್ಟಿಸಿದ್ದೂ ತಾನೇ ಅಲ್ಲವೇ ಎಂಬುದು ಹೊಳೆದು ನಾಲಿಗೆ ಸುಟ್ಟಿತು.

ಈಗ ಮೂರೂ ಇಪ್ಪತ್ತು. ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಮಹಡಿಯಲ್ಲಿ, ಈಚೆಗೆ ಸುಣ್ಣ ಬಳಿದು ವಸ್ತುಸಂಗ್ರಹಾಲಯ ಎಂದು ಬೋರ್ಡು ಹಾಕಿದ ಅದೇ ಉದ್ದನೆಯ ಕೋಣೆಯಲ್ಲಿ, ತಾನೇ ಬರೆದ ಫಲಕದ ಎದುರು ಅವಳು ನಿಂತಿದ್ದಳು. ‘ಊರು ಮೂಕವಾದ ಹದಿನೇಳು ನಿಮಿಷ’ ಎಂದು ಮೇಲೆ ಕೆಂಪಕ್ಷರ. ಕೆಳಗೆ ಎಂಬತ್ತು ಪದ. ಫಲಕವೆಂದರೆ ಎಂಬತ್ತು ಪದ ಮೀರಬಾರದು, ಜನ ನಿಂತು ಓದುವುದೇ ಹನ್ನೊಂದು ಸೆಕೆಂಡು ಎಂದು ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಸುಳ್ಳು ಹೇಳುವುದಕ್ಕೆ ಹನ್ನೊಂದು ಸೆಕೆಂಡು ಧಾರಾಳವಾಯಿತು. ಫಲಕದ ಪಕ್ಕದಲ್ಲಿ ಲೋಕದ ನಕ್ಷೆ, ಅದರಲ್ಲಿ ಬೇರೆ ಖಂಡದ ಒಂದು ಬಂದರಿನಿಂದ ಹೊರಟ ನಾಲ್ಕಡಿ ಉದ್ದದ ಕೆಂಪು ಬಾಣ ಸಮುದ್ರ ದಾಟಿ, ಪರ್ವತ ಹತ್ತಿಳಿದು, ಸೀದಾ ಇದೇ ಕಟ್ಟಡದ ಮೆಟ್ಟಿಲಿಗೆ ಬಂದು ಮೂಗು ಒತ್ತಿತ್ತು. ಮುಷ್ಕರ ನಡೆಯಿತೆನ್ನುವ ಅದೇ ವಾರ ಆ ಬಂದರಿನ ಹಮಾಲರು ಕೆಲಸ ನಿಲ್ಲಿಸಿದ್ದರು. ಹೆಂಗಸರು ಕೂತು ಊರಿನ ಕರೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಬೋರ್ಡುಗಳ ಬಗ್ಗೆ ಇಲ್ಲಿನ ಡ್ಯೂಟಿ ರಿಜಿಸ್ಟರಿನಲ್ಲಿ ಒಂದು ಸಾಲು ಇತ್ತು: ‘ಮಧ್ಯಾಹ್ನ ೨-೧೦ರಿಂದ ೨-೨೭, ಎಂಟೂ ಬೋರ್ಡುಗಳಲ್ಲಿ ಉತ್ತರವಿಲ್ಲ. ಕಾರಣ ನಮೂದಿಸಿಲ್ಲ.’ ಧೂಳಿನ ಗೋದಾಮಿನಲ್ಲಿ ಆ ಸಾಲು ಕಂಡ ದಿನ ಅವಳು ನಿಜವಾಗಿ ಕುಣಿದಿದ್ದಳು, ಕುಣಿದು ತಲೆಯನ್ನು ಕಪಾಟಿಗೆ ಹೊಡೆಸಿಕೊಂಡಿದ್ದಳು. ಎಂಟು ಹೆಂಗಸರು ಒಟ್ಟಿಗೆ ಎದ್ದು ಊರಿನ ಬಾಯಿ ಮುಚ್ಚಿಸಿದ್ದಾರೆ! ಮಾರ್ಗದರ್ಶಕರು ಸಾಲನ್ನು ಓದಿ, ಕನ್ನಡಕವನ್ನು ಹಣೆಗೇರಿಸಿ, ‘ಕಾಲಾವಧಿ ಯಾವುದು?’ ಎಂದಿದ್ದರು. ಅವರು ಮದುವೆಯ ಕರೆಯೋಲೆ ಕೊಟ್ಟರೂ ಕೇಳುವುದು ಅದನ್ನೇ. ಹಾಗಾಗಿ ವಿಭಾಗದಲ್ಲಿ ಅವರ ಹೆಸರೇ ಕಾಲಾವಧಿ. ಕಾಲಾವಧಿ ಹದಿನೇಳು ನಿಮಿಷ ಸಾರ್ ಎಂದಾಗ ಅವರ ಮುಖ ಸಪ್ಪಗಾಗಿತ್ತು. ‘ನಿಮ್ಮ ಪದವಿ ಲೋಕದ ಇತಿಹಾಸದಲ್ಲಿ ಕಣ್ರೀ. ಇದನ್ನ ಲೋಕಕ್ಕೆ ಎಲ್ಲಾದ್ರೂ ಗಂಟು ಹಾಕಿ.’ ಹಾಗೆ ಹುಟ್ಟಿದ್ದು ಆ ಬಾಣ.

ಲೋಕದ ಇತಿಹಾಸ ಅಂದರೆ ಬೇರೆಯವರ ಮನೆ ವಿಚಾರ ಎಂದು ತಮ್ಮ ಯಾವಾಗಲೂ ಛೇಡಿಸುತ್ತಿದ್ದ. ಅಮ್ಮನಿಗೋ ಸಾರ್ವಜನಿಕ ಇತಿಹಾಸ ಎಂಬ, ಪದವಿಯ ಹೆಸರಿನ ಎರಡನೇ ಅರ್ಧವೇ ಗಂಟಲಲ್ಲಿ ಇಳಿಯದು. ಸಾರ್ವಜನಿಕ ಎಂದರೆ ಅವಳಿಗೆ ನೆನಪಾಗುವುದು ಬಸ್ ನಿಲ್ದಾಣದ ಹಿಂದಿನ ಶೌಚಾಲಯದ ಸಾಲುಬಾಗಿಲು ಮಾತ್ರ. ‘ಓದಿ ಏನಾಗ್ತೀಯೇ?’ ಎಂದು ನೆಂಟರೆದುರು ಕೇಳಿದ್ದಳು. ಮೂವತ್ತಮೂರು ವರ್ಷದ ಮಗಳು ಕೈಯಲ್ಲಿ ಬಾಳೆಹಣ್ಣು ಹಿಡಿದು, ಜನರ ನೆನಪನ್ನು ಕಾಪಾಡುವುದು, ಅದನ್ನು ಜನರಿಗೇ ಹಿಂತಿರುಗಿಸುವುದು ಎಂದು ಭಾಷಣ ಹೊಡೆದಳು. ‘ಅವರದೇ ಅಲ್ವೇನೆ? ಮತ್ತೆ ಇವಳ್ಯಾಕೆ ಇಸ್ಕೊಂಡಳು?’ ಎಂದು ಸೋದರತ್ತೆ ಪಕ್ಕದವರನ್ನು ಕೇಳಿದ್ದು ಇಡೀ ಕೋಣೆಗೆ ಕೇಳಿಸಿತ್ತು. ಆಗ ಎದ್ದ ನಗು ಇನ್ನೂ ಅವಳ ಕಿವಿಯಲ್ಲಿತ್ತು. ಇವತ್ತು ಅದರ ಜೊತೆಗೆ ಇನ್ನೊಂದು ದನಿ ಸೇರಿಕೊಂಡಿತ್ತು, ಅದು ಸದ್ಯಕ್ಕೆ ಅಂಗಿಯ ಬಲಜೇಬಿನಲ್ಲಿ, ಫೋನಿನ ಒಳಗಿತ್ತು.

ಬೆಳಿಗ್ಗೆ ಶುರುವಾದದ್ದು ತೀರ ಸಾಧಾರಣವಾಗಿ. ದೊಡ್ಡಮ್ಮ ಈ ಎಕ್ಸ್‌ಚೇಂಜಿನಲ್ಲಿ ಮೂರನೇ ಬೋರ್ಡಿನವಳು. ಇಲ್ಲಿ ಕೆಲಸಕ್ಕಿದ್ದವರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದೇ ಇಲ್ಲ. ಮೂರು, ಐದು, ಎಂಟು ಅಂತಲೇ ಕೂಗಿ, ನಿವೃತ್ತರಾಗಿ ಮೊಮ್ಮಕ್ಕಳಾದ ಮೇಲೂ ಅದನ್ನೇ ಉಳಿಸಿಕೊಂಡಿದ್ದರು. ಆ ಎಂಟು ಜನರಲ್ಲಿ ಐವರು ತೀರಿಕೊಂಡಿದ್ದಾರೆ, ಒಬ್ಬರಿಗೆ ಈಗ ಯಾರ ಗುರುತೂ ಸಿಗುವುದಿಲ್ಲ. ಉಳಿದವರು ಮೂರು, ಅಂದರೆ ದೊಡ್ಡಮ್ಮ, ಮತ್ತು ಎಂಟು. ‘ಎಂಟು ಫೋನ್ ಮಾಡಿದ್ಲು. ಸೊಸೆ, ಮೊಮ್ಮಕ್ಕಳು, ಎಲ್ರನ್ನೂ ಕಟ್ಕೊಂಡು ಬರ್ತಾಳಂತೆ ನಿನ್ನ ಪ್ರದರ್ಶನಕ್ಕೆ,’ ಎಂದಳು ದೊಡ್ಡಮ್ಮ. ತಂಗಿಯ ಮಗಳು ಹಿಗ್ಗಿಹೋದಳು. ಎರಡನೇ ಸಾಕ್ಷಿ! ಎಂಟು ದೂರದ ಊರಿನಲ್ಲಿದ್ದು ಈವರೆಗೂ ಕೈಗೆ ಸಿಕ್ಕಿರಲಿಲ್ಲ. ‘ದೊಡ್ಡಮ್ಮ, ನಾಲ್ಕು ಗಂಟೆಗೆ ಮುಂಚೆ ಒಂದರ್ಧ ಗಂಟೆ ಅವರ ಹತ್ರ ಮಾತಾಡ್ಲಾ?’

‘ಬೇಡ.’

‘ಆ ದಿನದ ಬಗ್ಗೆ ಬರೀ ನಾಲ್ಕು ಪ್ರಶ್ನೆ.’

‘ಆ ದಿನದ ಬಗ್ಗೆ ಅರ್ಧ ಪ್ರಶ್ನೆನೂ ಬೇಡ. ಕೇಳಿದ್ರೆ ನೋಡು ಮತ್ತೆ.’ ದೊಡ್ಡಮ್ಮ ಹುರುಳಿಕಾಯಿ ಕೆಳಗಿಟ್ಟಳು. ‘ನೀನು ಬಿಡೋ ಪೈಕಿ ಅಲ್ಲ, ನಂಗೊತ್ತು. ಅದಕ್ಕೇ ಹೇಳ್ತೀನಿ, ಕೇಳ್ಕೊಂಡು ಮರೆತುಬಿಡು. ಅದು ಮುಷ್ಕರಾನೂ ಅಲ್ಲ, ಮಣ್ಣೂ ಅಲ್ಲ.’

ಹಿರಿಯರೊಬ್ಬರು ‘ಕೇಳ್ಕೋ’ ಎಂದು ಉಸಿರೆಳೆದುಕೊಂಡರೆ ಅವಳ ಬಲಗೈ ತಾನಾಗಿ ಜೇಬಿಗಿಳಿದು ಫೋನಿನ ಅಂಚಿನ ಗುಂಡಿಯನ್ನು ಎರಡು ಸಲ ಒತ್ತಿ ರೆಕಾರ್ಡಿಂಗ್ ಶುರುಮಾಡುತ್ತದೆ. ಮೂರು ವರ್ಷದ ಅಭ್ಯಾಸ. ಅನುಮತಿ ಕೇಳಿ, ಫಾರ್ಮಿಗೆ ಸಹಿ ಹಾಕಿಸಿಕೊಂಡು, ಆಮೇಲೆ ಒತ್ತಬೇಕೆಂಬುದು ನಿಯಮ. ಆದರೆ ಫಾರ್ಮು ತೆಗೆದರೆ ಮುದುಕರ ಬಾಯಿ ಕಟ್ಟುತ್ತದೆ, ಆದ್ದರಿಂದ ಮೊದಲು ಒತ್ತು, ಸಹಿ ನಿಧಾನಕ್ಕೆ ನೋಡಿಕೊಳ್ಳೋಣ ಎಂಬುದು ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತಿದ್ದ, ಯಾರೂ ಬಾಯಿ ಬಿಟ್ಟು ಹೇಳದ ಕಸುಬು. ಅವಳು ಒತ್ತಿದಳು. ಒತ್ತಿದ್ದು ಒತ್ತಿದ ಮೇಲೆಯೇ ಅವಳಿಗೆ ಗೊತ್ತಾಯಿತು. ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

ಎಂಟನೇ ಬೋರ್ಡಿನವಳಿಗೆ ಆಗ ಇಪ್ಪತ್ತೊಂದು ವರ್ಷ. ಮದುವೆಯಾಗಿರಲಿಲ್ಲ. ನಾಲ್ಕು ತಿಂಗಳು ತುಂಬಿತ್ತು. ಯಾರಿಗೂ ಗೊತ್ತಿರಲಿಲ್ಲ, ಗೊತ್ತಿದ್ದವರು ಗೊತ್ತಿಲ್ಲದ ಹಾಗೆ ಇದ್ದರು. ಆ ಮಧ್ಯಾಹ್ನ ಮೇಲ್ವಿಚಾರಕ ಊಟಕ್ಕೆ ಹೋಗಿದ್ದಾಗ ಅವಳಿಗೆ ಗರ್ಭ ಹೋಯಿತು. ಹಿಂದಿನ ಬ್ಯಾಟರಿ ಕೋಣೆಯಲ್ಲಿ, ನೆಲದ ಮೇಲೆ. ‘ಒಬ್ಳು ನೀರು ತಂದ್ಲು, ಒಬ್ಳು ಬಾಗಿಲು ಹಿಡ್ಕೊಂಡ್ಲು, ನಾನು ತಲೆ ಹಿಡ್ಕೊಂಡೆ. ಏಳು ಜನ ಬೇಕಾಗಿರ್ಲಿಲ್ಲ. ಆದ್ರೂ ಯಾರ ಕೈಲೂ ಕೂತಿರೋಕೆ ಆಗ್ಲಿಲ್ಲ. ಇಡೀ ಊರು ಹಲೋ ಹಲೋ ಅಂತ ಬಾಯ್ಬಡ್ಕೊಳ್ತಿತ್ತು.’ ಮೇಲ್ವಿಚಾರಕ ಮೂರು ದಿನ ವಿಚಾರಣೆ ಮಾಡಿದ. ಏಳು ಹೆಂಗಸರೂ ಒಂದೇ ಮಾತು: ಏಳಬೇಕು ಅನ್ನಿಸಿತು, ಎದ್ದೆವು. ಶಿಕ್ಷೆಯಾಗಿ ಎಂಟು ಜನರಿಗೂ ಒಂದೊಂದು ತಿಂಗಳ ರಜೆ ಹೋಯಿತು. ಹೊರಗೆ ಒಂದು ಉಸಿರು ಹೋಗಲಿಲ್ಲ. ಒಂಬತ್ತು ತಿಂಗಳ ಹಿಂದೆ ಸಂದರ್ಶನದಲ್ಲಿ ದೊಡ್ಡಮ್ಮ ಅದನ್ನೇ, ಅದೇ ಏಳು ಬಾಯಿಯಲ್ಲಿ ಸವೆದ ಮಾತನ್ನೇ ಹೇಳಿದ್ದಳು, ‘ಏಳ್ಬೇಕು ಅನ್ನಿಸ್ತು, ಎದ್ವಿ,’ ಮತ್ತು ತಂಗಿಯ ಮಗಳು ಅದನ್ನು ಪ್ರಬಂಧದ ಮೂರನೇ ಅಧ್ಯಾಯದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಕೂರಿಸಿದ್ದಳು. ಅದರ ನಂತರ ದೊಡ್ಡಮ್ಮ ‘ನಿಂಗೆ ಮುಷ್ಕರಾನೇ ಬೇಕಿದ್ರೆ ಹಾಗೇ ಬರ್ಕೋ, ನಮ್ಗೇನು’ ಎಂದದ್ದನ್ನು ಮಾತ್ರ ಕತ್ತರಿಸಿದ್ದಳು. ಹೊರಗೆ ಲಾರಿಯ ಸದ್ದಿತ್ತು, ಸರಿಯಾಗಿ ಕೇಳಿಸುತ್ತಿರಲಿಲ್ಲ ಎಂದು ಅಡಿಟಿಪ್ಪಣಿ ಹಾಕಿದ್ದಳು. ಲಾರಿ ಇದ್ದದ್ದು ನಿಜ. ಅದು ಹೋಗಿ ಐದು ನಿಮಿಷವಾಗಿತ್ತು.

ಆದರೆ ಇಷ್ಟೆಲ್ಲ ಕೇಳಿದಾಗ ಅವಳ ಮನಸ್ಸಿಗೆ ಮೊದಲು ಬಂದದ್ದೇನು? ಫಲಕ ನೋಡುತ್ತ ನಿಂತ ಅವಳು ಇದನ್ನು ಬೆಳಗಿನಿಂದ ಹತ್ತು ಸಲ ಕೇಳಿಕೊಂಡಿದ್ದಳು, ಹತ್ತು ಸಲವೂ ಉತ್ತರ ಬದಲಾಗಲಿಲ್ಲ. ಪಾಪ ಎಂದು ಬರಲಿಲ್ಲ. ಅಯ್ಯೋ ಎಂದೂ ಬರಲಿಲ್ಲ. ‘ಎಂಥ ಅಧ್ಯಾಯ!’ ಎಂದು ಬಂತು. ಆ ಬಡಕಲು ಬಾಣ ಕಿತ್ತೊಗೆ. ಇಲ್ಲಿದೆ ನೋಡು ಚಿನ್ನದಂಥ ವಿಷಯ: ಕೆಲಸದ ಜಾಗ, ಹೆಂಗಸಿನ ಮೈ, ಗುಟ್ಟು, ಏಳು ಜನರ ಒಗ್ಗಟ್ಟು. ದೇಶ ವಿದೇಶದ ಪತ್ರಿಕೆಗಳು ಕೈ ಚಾಚಿ ಇಸ್ಕೊಳ್ಳುತ್ತವೆ. ಸಂಶೋಧನಾ ಹುದ್ದೆ ತಾನಾಗಿ ಮನೆ ಬಾಗಿಲಿಗೆ ಬರುತ್ತದೆ. ಎದುರಿಗೆ ದೊಡ್ಡಮ್ಮನ ಕಣ್ಣಲ್ಲಿ ನೀರಿತ್ತು, ಇವಳು ಮನಸ್ಸಿನಲ್ಲೇ ಉಪಶೀರ್ಷಿಕೆ ಹುಡುಕುತ್ತಿದ್ದಳು. ತನ್ನ ಬಗ್ಗೆ ಹೇಸಿಗೆಯಾಯಿತು. ಹೇಸಿಗೆಯಾದ ಮೇಲೂ ಉಪಶೀರ್ಷಿಕೆ ಚೆನ್ನಾಗಿಯೇ ಇತ್ತು.

‘ಮೇಡಂ, ಇದೇನು, ಬೆಳಿಗ್ಗೆಯಿಂದ ನೋಡ್ತಿದ್ದೀರಲ್ಲ, ವಾಲಿದೆಯಾ?’ ಬಡಗಿ ಏಣಿ ಹೊತ್ತು ಬಂದು ನಿಂತ. ಕಿವಿಯ ಹಿಂದೆ ಪೆನ್ಸಿಲ್ಲು, ಬಾಯಲ್ಲಿ ಎರಡು ಮೊಳೆ.

‘ಇದನ್ನ ಬಿಚ್ಚೋಕಾಗುತ್ತಾ?’

‘ಮೊಳೆ ಆಗಿದ್ರೆ ಬಿಚ್ಚಬಹುದಿತ್ತು. ಗಟ್ಟಿಯಾಗಿರ್ಲಿ, ನೂರು ವರ್ಷ ಇರ್ಬೇಕು ಅಂತ ನೀವೇ ಗೋಂದು ಹಾಕ್ಸಿದ್ರಿ. ಈಗ ಕಿತ್ರೆ ಗೋಡೆನೂ ಜೊತೇಲಿ ಬರುತ್ತೆ.’ ಅವನು ಫಲಕವನ್ನು ತಟ್ಟಿ ನೋಡಿ ಮೆಚ್ಚಿಕೊಂಡ. ‘ತಪ್ಪೇನಾದ್ರೂ ಆಗಿದೆಯಾ?’

‘ಹಾಗೇನಿಲ್ಲ.’

‘ಆಗಿದ್ರೂ ಬಿಡಿ. ಓದೋರ್ಯಾರು?’ ಎಂದು ಸಮಾಧಾನ ಹೇಳಿ ಹೋದ. ಇಡೀ ದಿನದಲ್ಲಿ ಅವಳಿಗೆ ಯಾರಾದರೂ ಒಳ್ಳೆಯ ಮಾತಾಡಿದ್ದರೆ ಅವನೊಬ್ಬನೇ.

ಮೂರೂ ಮುಕ್ಕಾಲಿಗೆ ದೊಡ್ಡಮ್ಮ ಮೆಟ್ಟಿಲು ಹತ್ತಿ ಬಂದಳು, ಹಿಂದೆಯೇ ಎಂಟು. ಎಂಟು ಹೀಗಿರುತ್ತಾರೆಂದು ಅವಳು ಊಹಿಸಿರಲಿಲ್ಲ. ದುಃಖದ ಮುಖವನ್ನು ಎದುರುನೋಡುತ್ತಿದ್ದವಳ ಮುಂದೆ ದುಂಡಗಿನ, ಗಟ್ಟಿ ದನಿಯ, ಏದುಸಿರು ಬಿಡುತ್ತಲೇ ನಗುವ ಹೆಂಗಸೊಬ್ಬರು ಬಂದು ನಿಂತರು. ಜೊತೆಗೆ ಸೊಸೆ, ಇಬ್ಬರು ಮೊಮ್ಮಕ್ಕಳು. ‘ಇವ್ಳೇನಾ ಮೂರಕ್ಕ, ನಿನ್ನ ಗೂಬೆಮರಿ?’ ಎಂದು ಕೆನ್ನೆ ಹಿಂಡಿದರು. ದೊಡ್ಡ ಕನ್ನಡಕದಿಂದಾಗಿ ಮನೆಯಲ್ಲಿ ಅವಳಿಗೆ ಆ ಹೆಸರು. ಕಾಲಾವಧಿ ಸಾರ್ ಅಲ್ಲೇ ನಿಂತು ಕೇಳಿಸಿಕೊಂಡರು. ಎಂಟನೆಯವರು ಫಲಕವನ್ನು ಬೆರಳಿಟ್ಟು ಗಟ್ಟಿಯಾಗಿ ಓದಿದರು, ಹನ್ನೊಂದು ಸೆಕೆಂಡು ದಾಟಿ ಎರಡು ನಿಮಿಷ ಓದಿದರು. ‘ಎಂಟು ಬೋರ್ಡು, ಎಂಟು ಹೆಂಗಸರು, ಒಂದೇ ನಿರ್ಧಾರ.’ ಅಲ್ಲಿ ನಿಂತು, ಇನ್ನೊಂದು ಸಲ ಅದನ್ನೇ ಓದಿದರು. ಆಮೇಲೆ ಸೊಸೆಯ ಕಡೆ ತಿರುಗಿ, ‘ನೋಡಿದ್ಯಾ? ನಿಮ್ಮತ್ತೆ ಅಂದ್ರೆ ಏನಂದ್ಕೊಂಡೆ? ಊರಿನ ಬಾಯಿ ಮುಚ್ಚಿಸಿದೋಳು,’ ಎಂದರು. ಫಲಕದ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಮೊಮ್ಮಕ್ಕಳನ್ನು ಅತ್ತಿತ್ತ ನಿಲ್ಲಿಸಿಕೊಂಡು ಇನ್ನೊಂದು. ದೊಡ್ಡಮ್ಮ ಕಿಟಕಿಯ ಕಡೆ ನೋಡುತ್ತಿದ್ದಳು. ಮೊಮ್ಮಗಳಿಗೆ ಹಿಂದಿನ ಮಕ್ಕಳ ಕೋಣೆಯಲ್ಲಿ ಬಣ್ಣದ ಆಟಿಕೆ ಫೋನುಗಳು ಕಂಡವು, ಅವಳು ಅಜ್ಜಿಯ ಕೈ ಹಿಡಿದು ಎಳೆದಳು. ಮೊದಲು ಅದು ಬ್ಯಾಟರಿ ಕೋಣೆ. ಹೊಸಿಲಿನವರೆಗೆ ಹೋದ ಎಂಟು ಅಲ್ಲಿ ನಿಂತುಬಿಟ್ಟರು. ‘ನೀನು ಹೋಗಿ ಆಡ್ಕೋ ಮರಿ. ನಂಗೆ ಕಾಲು ನೋವು,’ ಎಂದರು. ನಗು ಹಾಗೇ ಇತ್ತು, ಮುಖದ ಬಣ್ಣ ಮಾತ್ರ ಇಳಿದಿತ್ತು.

ಅವಳಿಗೆ ಆಗ ಅರ್ಥವಾಯಿತು. ನಲವತ್ತೊಂದು ವರ್ಷ ಆ ದಿನ ಈ ಹೆಂಗಸಿಗೆ ಯಾರಿಗೂ ತೋರಿಸಲಾಗದ್ದಾಗಿತ್ತು. ಇವತ್ತು ಯಾರೋ ಅದನ್ನು ಗೋಡೆಗೆ ಅಂಟಿಸಿ, ಕೆಂಪಕ್ಷರ ಬರೆದು, ನೋಡಿ ಎಂದು ಕೊಟ್ಟಿದ್ದಾರೆ. ಮುಷ್ಕರ ಸುಳ್ಳೆಂದು ಒಪ್ಪಿಕೊಂಡರೆ ಆ ಫೋಟೋ ಕಸ. ನಿಜ ಹೇಳಿದರೆ ಆ ಹೆಂಗಸೇ ಕಸ. ಸುಮ್ಮನಿದ್ದರೆ ಕಸ ತಾನು, ಅದೂ ಪದವಿ ಪಡೆದ ಕಸ.

ನಾಲ್ಕಕ್ಕೆ ಸರಿಯಾಗಿ ಹೊರಗಿನ ಪರೀಕ್ಷಕರು ಬಂದರು. ಸಣ್ಣ ಮೈಕಟ್ಟಿನ, ಮೆತ್ತಗೆ ಮಾತಾಡುವ ಹಿರಿಯ ಹೆಂಗಸು. ಅಂಥವರನ್ನು ಕಂಡರೇ ವಿದ್ಯಾರ್ಥಿಗಳು ಹೆದರುವುದು. ಪ್ರದರ್ಶನವೂ ಪ್ರಬಂಧದ ಭಾಗವಾದ್ದರಿಂದ ಪರೀಕ್ಷೆ ಫಲಕದ ಎದುರೇ, ಬಂದ ಜನರೆದುರೇ ನಡೆಯಬೇಕು. ಸಾರ್ವಜನಿಕ ಇತಿಹಾಸವೆಂದ ಮೇಲೆ ಮಾನವೂ ಸಾರ್ವಜನಿಕವಾಗಿಯೇ ಹೋಗತಕ್ಕದ್ದು ಎಂಬುದು ವಿಭಾಗದ ತತ್ವ. ಪರೀಕ್ಷಕರು ಬಾಣವನ್ನು ಬಂದರಿನಿಂದ ಮೆಟ್ಟಿಲಿನವರೆಗೆ ಕಣ್ಣಲ್ಲೇ ಅಳೆದರು. ‘ಈ ಬಾಣ ಸ್ವಲ್ಪ ಉದ್ದ ಆಯ್ತಲ್ವಾ?’ ಎಂದರು. ಹಿಂದೆ ಯಾರೋ ಕಿಸಕ್ಕೆಂದರು. ಕಾಲಾವಧಿ ಸಾರ್ ಬೇರೆಯವರ ವಿದ್ಯಾರ್ಥಿನಿ ಇವಳು ಎಂಬಂತೆ ಎರಡು ಹೆಜ್ಜೆ ಹಿಂದೆ ಸರಿದರು.

‘ಬಾಣ ಇರ್ಲಿ ಬಿಡಿ. ಆಧಾರಕ್ಕೆ ಬರೋಣ. ರಿಜಿಸ್ಟರಲ್ಲಿ ಉತ್ತರ ಇಲ್ಲ ಅಂತಿದೆ, ಮುಷ್ಕರ ಅಂತಿಲ್ಲ. ವೈರ್ ಕೆಟ್ಟಿರಬಹುದು. ಎಲ್ರೂ ಚಾಡಿ ಹೇಳ್ತಾ ಕೂತಿರಬಹುದು. ಇನ್ನುಳಿದಿದ್ದು ಒಂದು ಸಂದರ್ಶನ. ಅದು ಯಾರದು?’

‘ನಮ್ಮ ದೊಡ್ಡಮ್ಮಂದು.’

‘ನಿಮ್ಮ ದೊಡ್ಡಮ್ಮ,’ ಎಂದರು ಪರೀಕ್ಷಕರು, ತುಂಬ ಮೃದುವಾಗಿ. ‘ಅವರೂ ಮುಷ್ಕರ ಅನ್ನೋ ಪದ ಆಡಿಲ್ಲ, ನೀವೇ ಆಡಿದ್ದೀರಿ. ನಾನು ಸಂದರ್ಶನದ ಪ್ರತಿ ಪೂರ್ತಿ ಓದಿದೀನಿ. ಆ ಮಧ್ಯಾಹ್ನ ಏನು ನಡೀತು ಅನ್ನೋದಕ್ಕೆ ಬೇರೆ ಯಾವ ಸಾಕ್ಷಿನೂ ಇಲ್ವಾ? ಇಲ್ದಿದ್ರೆ ಈ ಅಧ್ಯಾಯ ನಿಲ್ಲಲ್ಲ. ಅಧ್ಯಾಯ ನಿಲ್ದಿದ್ರೆ, ನಿಮಗೇ ಗೊತ್ತಲ್ಲ.’

ಗೊತ್ತಿತ್ತು. ಮೂರು ವರ್ಷ, ಅಮ್ಮನ ನೆಂಟರು, ಸೋದರತ್ತೆಯ ಪ್ರಶ್ನೆ, ಎಲ್ಲ ಒಮ್ಮೆಲೇ ಮುಖಕ್ಕೆ ಬಂದವು. ಕೈ ಜೇಬಿಗಿಳಿದಿತ್ತು. ಫೋನು ಬೆಚ್ಚಗಿತ್ತು. ಹದಿನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು, ಲಾರಿಯ ಸದ್ದಿಲ್ಲದ, ಸ್ವಚ್ಛವಾದ ದನಿ. ದೊಡ್ಡಮ್ಮ ಅವಳ ಮುಖವನ್ನು ನೋಡಲಿಲ್ಲ, ಜೇಬಿನ ಒಳಗಿದ್ದ ಕೈಯನ್ನು ನೋಡಿದಳು. ನೋಡಿ ತಿಳಿದುಕೊಂಡಳು. ದೊಡ್ಡಮ್ಮ ಹಾಗೆ ತಿಳಿದುಕೊಂಡದ್ದು ಅವಳಿಗೂ ಕಂಡಿತು. ಕೂಗಾಡಿದ್ದರೆ ತಡೆದುಕೊಳ್ಳಬಹುದಿತ್ತು. ದೊಡ್ಡಮ್ಮ ಸುಮ್ಮನೆ ತುಟಿ ಒತ್ತಿ ಹಿಡಿದಳು, ಯಾರದೋ ಮನೆಯಲ್ಲಿ ಪಾತ್ರೆ ಒಡೆದ ಮಗುವನ್ನು ನೋಡುವ ಹಾಗೆ. ತಂಗಿಯ ಮಗಳು ಬಾಯಿ ತೆರೆದಳು. ಆ ಕ್ಷಣ ಏನು ಹೇಳಲಿದ್ದಳು ಎಂಬುದಕ್ಕೆ ಯಾವ ಆಧಾರವೂ ಉಳಿದಿಲ್ಲ. ಆಮೇಲೆ ಎಷ್ಟು ಕೆದಕಿದರೂ ಅವಳಿಗೇ ಸಿಗಲಿಲ್ಲ.

‘ಯಾಕಿಲ್ಲ ಸಾಕ್ಷಿ? ನಾನಿಲ್ವಾ?’

ಎಂಟು ಮುಂದೆ ಬಂದಿದ್ದರು. ಸೊಸೆ ಹೆಮ್ಮೆಯಿಂದ ಜಾಗ ಬಿಟ್ಟಳು. ‘ನಾನು ಎಂಟನೇ ಬೋರ್ಡಿನೋಳು. ಮೊದ್ಲು ಎದ್ದಿದ್ದು ನಾನೇ. ನಾನೆದ್ದೆ, ನನ್ನ ಹಿಂದೆ ಉಳಿದ ಏಳೂ ಜನ ಎದ್ರು. ಯಾರೂ ಯಾರನ್ನೂ ಕೇಳ್ಲಿಲ್ಲ.’

‘ಎಂಟು,’ ಎಂದಳು ದೊಡ್ಡಮ್ಮ, ಮೆಲ್ಲಗೆ.

‘ಇರು ಮೂರಕ್ಕ. ಅವರು ಕೇಳ್ತಿದಾರೆ.’

ಪರೀಕ್ಷಕರ ಮುಖದ ರೀತಿಯೇ ಬದಲಾಯಿತು. ‘ಎಷ್ಟು ಹೊತ್ತಿಗೆ?’

‘ಎರಡೂ ಹತ್ತಕ್ಕೆ,’ ಎಂದರು ಎಂಟು, ಫಲಕದ ಕಡೆ ತಿರುಗದೆ.

ಕಾಲಾವಧಿ ಸಾರ್ ಬಿಟ್ಟುಹೋಗಿದ್ದ ಎರಡು ಹೆಜ್ಜೆಯನ್ನು ಒಂದೇ ನೆಗೆತಕ್ಕೆ ವಾಪಸು ಹಾಕಿ ಅವಳ ಕಿವಿಯಲ್ಲಿ, ‘ರೆಕಾರ್ಡ್ ಮಾಡ್ಕೊಳ್ರೀ, ರೆಕಾರ್ಡ್ ಮಾಡ್ಕೊಳ್ಳಿ, ಇಂಥದ್ದು ಮತ್ತೆ ಸಿಗಲ್ಲ!’ ಎಂದು ಉಸುರಿದರು. ಅವಳು ಫೋನು ಹೊರತೆಗೆದಳು. ಪರದೆಯ ಮೇಲೆ ಬೆಳಗಿನ ಕಡತ ತೆರೆದುಕೊಂಡೇ ಇತ್ತು. ಎಲ್ಲರೂ ನೋಡುತ್ತಿದ್ದರು. ಅವಳು ಹೆಬ್ಬೆರಳು ಒತ್ತಿದಳು. ಅಳಿಸಬೇಕೆ ಎಂದು ಅದು ಕೇಳಿತು. ಇನ್ನೊಂದು ಸಲ ಒತ್ತಿದಳು. ಖಾಲಿ ಪರದೆಯ ಫೋನನ್ನು ಎಂಟರ ಮುಖದ ಹತ್ತಿರ, ಮಾತು ಚೆನ್ನಾಗಿ ಬರಲಿ ಎಂಬಂತೆ, ಎರಡೂ ಕೈಯಲ್ಲಿ ಹಿಡಿದುಕೊಂಡಳು.

‘ಮತ್ತೆ ವಾಪಸು ಹೋಗಿ ಕೂರೋದು ಅಂತ ತೀರ್ಮಾನ ಮಾಡಿದ್ಯಾರು?’ ಪರೀಕ್ಷಕರು ಕೇಳಿದರು.

‘ಅದೂ ನಾನೇ. ಆಯ್ತು, ಸಾಕು, ಹೋಗಿ ಕೂತ್ಕೊಳ್ರೇ, ಕಾಲ್ ಬರ್ತಿದಾವೆ ಅಂದೆ.’

‘ನೀವು?’

‘ನಾನೂ ಹೋಗಿ ಕೂತೆ. ಐದೂವರೆವರೆಗೂ ಡ್ಯೂಟಿ ಇತ್ತಲ್ಲ,’ ಎಂದರು ಎಂಟು. ಈಗ ಅವರು ಪರೀಕ್ಷಕರನ್ನು ನೋಡುತ್ತಿರಲಿಲ್ಲ, ತಮ್ಮ ಮುಖದ ಮುಂದೆ ಹಿಡಿದ ಫೋನನ್ನು ನೋಡುತ್ತಿದ್ದರು. ‘ಕೂತ ಮೇಲೆ ಅವತ್ತು ಒಂದೇ ಒಂದು ಕಾಲ್ ಕೂಡ ತಪ್ಪಿಸ್ಲಿಲ್ಲ ನಾನು. ಅದನ್ನೂ ಬರ್ಕೋ.’